ತೊಟ್ಟಿಲೋ, ಗೋದಲಿಯೋ?

ಕಳೆದ ವರ್ಷದ ಡಿಸೆಂಬರಿನಲ್ಲಿ ಬೆಳಗಾವಿಯ ಕ್ಯಾಂಪು ಭಾಗದ ಒಂದು ಸಭಾಗೃಹದಲ್ಲಿ ಕ್ರಿಸ್‌ಮಸ್ಸಿಗಾಗಿ ಕೈಯಿಂದ ಮಾಡಿದ ವಸ್ತುಗಳ ಮಾರಾಟವೊಂದು ಏರ್ಪಟ್ಟಿತ್ತು. ವಸ್ತುಗಳ ಯಾದಿಯನ್ನು ಇಂಗ್ಲಿಷಿನಲ್ಲಿ ಸಿದ್ಧಪಡಿಸಿದ್ದ ವ್ಯವಸ್ಥಾಪಕರು ಅದರ ಕನ್ನಡ ರೂಪವನ್ನು ಮಾಡಿಕೊಡಬೇಕೆಂದು ನನ್ನನ್ನು ಕೇಳಿದರು. ಎರಡೇ ಪುಟ. ಮೂವತ್ತು ನಲವತ್ತು ಹೆಸರುಗಳು, ಒಂದೊಂದರ ಕೆಳಗೆ ಎರಡು ಸಾಲಿನ ವರ್ಣನೆ, ಕೊನೆಗೆ ಬೆಲೆ. ಒಂದು ಸಂಜೆಯ ಕೆಲಸವೆಂದು ಒಪ್ಪಿಕೊಂಡೆ. ನಾಲ್ಕು ಸಂಜೆ ಹಿಡಿಯಿತು, ಆಮೇಲೂ ಸರಿಯಾಗಲಿಲ್ಲ.

ಸಾಹಿತ್ಯದ ಪುಟಗಳಲ್ಲಿ ಗ್ರಂಥಗಳ ವಿಮರ್ಶೆ ಬರುವುದು ವಾಡಿಕೆ. ಒಂದು ಮಾರಾಟದ ಯಾದಿಯನ್ನು, ಅದರಲ್ಲೂ ತಾನೇ ಭಾಷಾಂತರಿಸಿದ್ದನ್ನು, ವಿಮರ್ಶೆಗೆ ಎತ್ತಿಕೊಳ್ಳುವುದು ಉದ್ಧಟತನವೆಂದು ವಾಚಕರಿಗೆ ತೋರಬಹುದು. ಆದರೆ ದೊಡ್ಡ ದೊಡ್ಡ ಭಾಷಾಂತರಿತ ಕಾದಂಬರಿಗಳಲ್ಲಿ ನಾನು ಕಂಡು ಸಿಡಿಮಿಡಿಗೊಂಡ ದೋಷಗಳೆಲ್ಲ ಈ ಎರಡು ಪುಟಗಳಲ್ಲಿ ಇದ್ದವು. ಮೇಲಾಗಿ ಇಲ್ಲಿ ಅಪರಾಧಿ ಯಾರೆಂದು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಮೊದಲ ತೊಡಕು ತಲೆಬರಹದಲ್ಲೇ ಎದುರಾಯಿತು: 'ಹ್ಯಾಂಡ್‌ಮೇಡ್ ಕ್ರಿಸ್‌ಮಸ್ ಕ್ರಾಫ್ಟ್ಸ್.' ಮೂರೇ ಶಬ್ದ. 'ಕೈಯಿಂದ ತಯಾರಿಸಿದ ಕ್ರಿಸ್‌ಮಸ್ ಕರಕುಶಲ ವಸ್ತುಗಳು' ಎಂದು ಬರೆದು ಗಟ್ಟಿಯಾಗಿ ಓದಿಕೊಂಡೆ. ಸರಕಾರದ ಸುತ್ತೋಲೆಯಂತೆ ಕೇಳಿಸಿತು. 'ಕರ' ಎಂದರೂ ಕೈ, 'ಕೈ' ಎಂದರೂ ಕೈ. ಒಂದು ವಸ್ತುವಿಗೆ ನಾಲ್ಕು ಕೈ ಹತ್ತಿಸಿದಂತಾಯಿತು. ಆದರೆ ಇಂಗ್ಲಿಷಿನ ಮೂಲವೂ ಅಷ್ಟು ಸುಸೂತ್ರವಾದುದೇನಲ್ಲ. ಆ ಭಾಷೆಯಲ್ಲಿ 'ಮ್ಯಾನುಫ್ಯಾಕ್ಚರ್' ಎಂಬುದೊಂದು ಶಬ್ದವಿದೆ. ಲ್ಯಾಟಿನ್ನಿನಿಂದ ಬಂದ ಅದರ ಮೂಲಾರ್ಥ 'ಕೈಯಿಂದ ಮಾಡಿದ್ದು'. ಯಂತ್ರಗಳು ಬಂದು ಆ ಶಬ್ದವನ್ನು ಎತ್ತಿಕೊಂಡು ಹೋದವು. ಈಗ ಅದು ಕೈ ಸೋಕದ್ದಕ್ಕೆ ಹೆಸರು. ಕೈಯಿಂದ ಮಾಡಿದ್ದಕ್ಕೆ ಇನ್ನೊಮ್ಮೆ, ಬೇರೆಯಾಗಿ, 'ಹ್ಯಾಂಡ್‌ಮೇಡ್' ಎಂದು ಹೇಳಬೇಕಾಗಿ ಬಂದಿದೆ. ಸ್ವಂತ ಮನೆಯನ್ನು ಬಾಡಿಗೆಗೆ ಕೊಟ್ಟವನು ಊರಿನಲ್ಲಿ ಬೇರೊಂದು ಖೋಲಿ ಹುಡುಕಿದಂತೆ.

ನಗಬೇಕೆಂದವನು ಇಲ್ಲಿ ನಿಂತು ನಮ್ಮ 'ಕೈಗಾರಿಕೆ'ಯನ್ನು ನೆನೆಯಬೇಕು. 'ಕೈ' ಅದರ ಮೊದಲಿಗೇ ಕುಳಿತಿದೆ. ಆದರೂ ಉಕ್ಕಿನ ಕಾರಖಾನೆ ಬೃಹತ್ ಕೈಗಾರಿಕೆ. ಬುಟ್ಟಿ ಹೆಣೆಯುವವನ ಕೆಲಸಕ್ಕೆ 'ಗುಡಿ' ಎಂಬ ಇನ್ನೊಂದು ಶಬ್ದವನ್ನು ಮುಂದೆ ಕಟ್ಟಿ 'ಗುಡಿ ಕೈಗಾರಿಕೆ' ಎನ್ನಬೇಕು. ಇಂಗ್ಲಿಷಿನವರು ಮಾಡಿದ್ದನ್ನೇ ನಾವೂ ಮಾಡಿದ್ದೇವೆ. ಇನ್ನು 'ಕ್ರಾಫ್ಟ್'. ಅದಕ್ಕೆ ಕಸುಬೆಂದೂ ಅರ್ಥ, ದೋಣಿಯೆಂದೂ ಅರ್ಥ. ಗುಣವಾಚಕವಾಗಿ 'ಕ್ರಾಫ್ಟಿ' ಎಂದೊಡನೆ ಅದು ಕಪಟಿಯ ಹೆಸರಾಗಿಬಿಡುತ್ತದೆ. 'ಆರ್ಟ್‌ಫುಲ್' ಎಂಬುದರ ಗತಿಯೂ ಅದೇ. 'ಕನಿಂಗ್' ಎಂಬುದು ಒಂದು ಕಾಲಕ್ಕೆ ಬರಿಯ ತಿಳಿವಳಿಕೆಯ ಹೆಸರಾಗಿತ್ತು. 'ಆರ್ಟಿಫಿಶಿಯಲ್' ಎಂದರೆ ಒಮ್ಮೆ ಹೊಗಳಿಕೆ, ಈಗ ಬೈಗುಳ. ಕೈಯಲ್ಲಿ ಹೆಚ್ಚಿನ ಜಾಣ್ಮೆಯುಳ್ಳವನನ್ನು ಕಂಡರೆ ಜನಕ್ಕೆ ಅದೇನೋ ಸಂಶಯ. ನಮ್ಮಲ್ಲೂ 'ಕೈಚಳಕ' ಎಂದರೆ ಕಿಸೆಗಳ್ಳನ ನೆನಪೂ ಜೊತೆಗೇ ಬರುತ್ತದೆ. 'ಕೈವಾಡ' ಎಂಬ ಕುಶಲ ಶಬ್ದ ಪೋಲೀಸರ ವರದಿಗಳಲ್ಲಿ ಮಾತ್ರ ಉಳಿದಿದೆ. ಕಡೆಗೆ ನಾನು ತಲೆಬರಹವನ್ನು 'ನಾತಾಳದ ಕೈಕೆಲಸ' ಎಂದು ಬರೆದೆ. ಎರಡೇ ಶಬ್ದ. ಇದೊಂದು ಮಾತ್ರ ಈಗಲೂ ನನಗೆ ಒಪ್ಪಿಗೆಯಾಗಿದೆ.

ವ್ಯವಸ್ಥಾಪಕರಿಗೆ ಒಪ್ಪಿಗೆಯಾಗಲಿಲ್ಲ. 'ನಾತಾಳ ಯಾಕೆ? ಕ್ರಿಸ್‌ಮಸ್ ಎಂದರೆ ಎಲ್ಲರಿಗೂ ತಿಳಿಯುತ್ತದಲ್ಲ' ಎಂದರು. ತಿಳಿಯುತ್ತದೆ, ನಿಜ. ಆದರೆ ಆ ಶಬ್ದವನ್ನು ಬರೆಯುವ ಬಗೆ ಮಾತ್ರ ಕನ್ನಡಿಗರಿಗೆ ಈವರೆಗೂ ಗೊತ್ತಾಗಿಲ್ಲ. ಇಂಗ್ಲಿಷಿನಲ್ಲಿ ಕ್ರಿಸ್ತನ ಕಡೆಯ 'ಟಿ' ಅಕ್ಷರ ಬರಹದಲ್ಲಿದೆ, ಬಾಯಿಯಲ್ಲಿಲ್ಲ. ಕಿವಿಯನ್ನು ನಂಬಿದರೆ ಕ್ರಿಸ್ಮಸ್, ಕಣ್ಣನ್ನು ನಂಬಿದರೆ ಕ್ರಿಸ್ಟ್‌ಮಸ್, ಅರ್ಥವನ್ನು ನಂಬಿದರೆ ಕ್ರಿಸ್ತಮಸ್. ಮೂರನ್ನೂ ಕನ್ನಡ ಅಚ್ಚಿನಲ್ಲಿ ನಾನು ಕಂಡಿದ್ದೇನೆ. ಉಚ್ಚರಿಸಿದಂತೆ ಬರೆಯುವ ನಮ್ಮ ಲಿಪಿಗೆ, ಬರೆದಂತೆ ಉಚ್ಚರಿಸದ ಭಾಷೆಯೊಂದು ಎದುರಾದಾಗ ಹೀಗಾಗುವುದು ಸಹಜ. ಇಂಗ್ಲಿಷರು ಅವಸರಕ್ಕೆ 'ಎಕ್ಸ್' ಎಂಬ ಅಕ್ಷರವನ್ನಿಟ್ಟು ಬರೆಯುವುದನ್ನು ಕಂಡು, ದೇವರ ಹೆಸರನ್ನೇ ಹೊಡೆದುಹಾಕಿದರೆಂದು ಕೆಲವು ಭಕ್ತರು ನೊಂದುಕೊಳ್ಳುತ್ತಾರೆ. ವಾಸ್ತವದಲ್ಲಿ ಅದು ಇಂಗ್ಲಿಷಿನ ಎಕ್ಸ್ ಅಲ್ಲ. ಗ್ರೀಕಿನಲ್ಲಿ ಕ್ರಿಸ್ತನ ಹೆಸರಿನ ಮೊದಲಕ್ಷರವಾದ 'ಖಿ'. ಯಾರೂ ಯಾರನ್ನೂ ಹೊಡೆದುಹಾಕಿಲ್ಲ.

'ನಾತಾಳ'ಕ್ಕೆ ಇಂಥ ತೊಂದರೆಗಳಿಲ್ಲ. ಅದು ಪೋರ್ತುಗೀಜರ 'ನತಾಲ್', ಎಂದರೆ ಜನ್ಮೋತ್ಸವ. ಗೋವೆಯಿಂದ ಘಟ್ಟ ಹತ್ತಿ ಬಂದು ಕೊಂಕಣಿ ಮರಾಠಿಗಳ ನಾಲಗೆಯಲ್ಲಿ ಪಳಗಿ ಖಾನಾಪುರದ ಸಂತೆಯವರೆಗೆ ನಡೆದುಕೊಂಡೇ ಬಂದ ಶಬ್ದ. ಇಲ್ಲಿ ಬೆಳಗಾವಿಯ ವಿಶೇಷವನ್ನು ಹೇಳಬೇಕು. ಈ ಊರಿಗೆ ಕ್ರಿಸ್ತನ ಹಬ್ಬ ಎರಡು ದಾರಿಯಿಂದ ಬಂದಿದೆ. 1818ರಲ್ಲಿ ಕೋಟೆ ಇಂಗ್ಲಿಷರ ವಶವಾಯಿತು. ಅದರ ಬೆನ್ನಿಗೆ ದಂಡು ಬಂತು. 1820ರಲ್ಲಿ ಲಂಡನ್ ಮಿಷನ್ನಿನವರು ಬಂದರು. ಅದು ಕ್ಯಾಂಪಿನ ಕ್ರಿಸ್‌ಮಸ್: ಕೇಕು, ಕ್ಯಾರಲ್ಲು, ಸರ್ವೆಯ ಟೊಂಗೆಗೆ ಹತ್ತಿಯ ಹಿಮ. ('ಕ್ಯಾಂಪು' ಎಂಬುದೂ ಒಂದು ತಮಾಷೆಯೇ. ನಾಳೆ ಕಿತ್ತುಕೊಂಡು ಹೋಗುವ ಡೇರೆಗೆ ಹೇಳುವ ಹೆಸರು; ಇನ್ನೂರು ವರುಷವಾದರೂ ಅಲ್ಲೇ ಇದೆ.) ಇನ್ನೊಂದು ಖಾನಾಪುರದ ನಾತಾಳ. ಅದಕ್ಕೆ ದಂಡಿನ ಹಂಗಿಲ್ಲ. ಮೇಜು, ಚಾವಿ, ಸಾಬೂನು, ಬಟಾಟೆ, ಪಾದ್ರಿ ಎಂಬ ಶಬ್ದಗಳನ್ನು ನಮಗೆ ತಂದುಕೊಟ್ಟ ಪೋರ್ತುಗೀಜು ಬಳಗವೇ ಇದನ್ನೂ ತಂದಿದೆ. ಬಟಾಟೆಯನ್ನು ಪರಕೀಯವೆಂದು ಬೆಳಗಾವಿಯ ಯಾವ ರೈತನೂ ಹೇಳಲಾರ.

ಇರಲಿ, ಯಾದಿಗೆ ಮರಳುತ್ತೇನೆ. ಸಣ್ಣಪುಟ್ಟ ವಸ್ತುಗಳಲ್ಲಿ ಕೆಲವು ಕಡೆ ನಾನು ಸೋತೆ, ಕೆಲವು ಕಡೆ ಕನ್ನಡವೇ ನನ್ನನ್ನು ಗೆಲ್ಲಿಸಿತು. ಕಸೂತಿ ಹಾಕಿದ 'ಹ್ಯಾಂಡ್‌ಕರ್ಚೀಫ್' ಒಂದಿತ್ತು. 'ಕರ್ಚೀಫ್' ಎಂದರೆ ಫ್ರೆಂಚರ ತಲೆಮುಸುಕು. ಅದು ಕೈಗಿಳಿದು 'ಕೈತಲೆಮುಸುಕು' ಆಯಿತು. ಅಲ್ಲಿಂದ ಕಿಸೆಗಿಳಿದು 'ಕಿಸೆಕೈತಲೆಮುಸುಕು' ಎಂದೂ ಆಯಿತು. ನಮ್ಮ 'ಕರವಸ್ತ್ರ' ಈ ಇಡೀ ಯಾತ್ರೆಯನ್ನು ಮಾಡದೆಯೇ ತಲುಪಬೇಕಾದಲ್ಲಿ ತಲುಪಿದೆ. ಉಣ್ಣೆಯಲ್ಲಿ ಹೆಣೆದ 'ಕ್ರಿಸ್‌ಮಸ್ ಸ್ಟಾಕಿಂಗ್' ಇತ್ತು. ಮಕ್ಕಳು ರಾತ್ರಿ ತೂಗುಹಾಕಿ ಬೆಳಗಾಗುವಷ್ಟರಲ್ಲಿ ಉಡುಗೊರೆ ತುಂಬಿರಬೇಕೆಂದು ಹಾರೈಸುವ ವಸ್ತು. ಕಾಲಿಗೆ ಹಾಕುವುದರಲ್ಲಿ ಮಿಠಾಯಿ ತುಂಬುವುದನ್ನು ನಮ್ಮವರಿಗೆ ಹೇಗೆ ಹೇಳುವುದೆಂದು ಸಂಕೋಚಪಡುತ್ತಲೇ 'ಕಾಲುಚೀಲ' ಎಂದು ಬರೆದೆ. ಬರೆದ ಮೇಲೆ ಹೊಳೆಯಿತು: ಚೀಲವೆಂದ ಮೇಲೆ ತುಂಬುವುದಕ್ಕೇ ತಾನೆ ಇರುವುದು? ಇಂಗ್ಲಿಷು ಕಥೆ ಹೇಳಿ ಸಮರ್ಥಿಸಬೇಕಾದುದನ್ನು ಕನ್ನಡ ಹೆಸರಿನಲ್ಲೇ ಮುಗಿಸಿತ್ತು.

ಚುಕ್ಕಿಯ ದೀಪದ ವಿಷಯದಲ್ಲಿ ನಾನು ಸೋತದ್ದಕ್ಕೆ ಕ್ಷಮೆಯಿಲ್ಲ. 'ಸ್ಟಾರ್ ಲ್ಯಾಂಟರ್ನ್' ಎಂದಿತ್ತು. 'ನಕ್ಷತ್ರ ದೀಪಿಕೆ' ಎಂದು ಬರೆದೆ. ಬೆಳಗಾವಿಯಲ್ಲಿ ಹುಟ್ಟಿ ಬೆಳೆದ ಯಾರಾದರೂ ಇದನ್ನು ಓದಿ ಇಂಥದೊಂದು ವಸ್ತುವನ್ನು ಅಂಗಡಿಯಲ್ಲಿ ಕೇಳಿಯಾರೆ? ದೀಪಾವಳಿಯಲ್ಲಿ ಮನೆಮನೆಯ ಮುಂದೆ ತೂಗುವ ಆಕಾಶಬುಟ್ಟಿಯೇ ಅದು. ಬಿದಿರು ಸೀಳಿ ಐದು ಕಡ್ಡಿಗಳನ್ನು ಒಂದರ ಮೇಲೊಂದು ಅಡ್ಡಹಾಯಿಸಿ ಕಟ್ಟಿದರೆ ಒಂದು ಚುಕ್ಕಿ. ಅಂಥವೇ ಎರಡನ್ನು ಒಂದಕ್ಕೊಂದು ಮುಖ ಹಚ್ಚಿ ಐದು ತುದಿಗಳಲ್ಲಿ ಬಿಗಿದು, ಒಳಗೆ ಕಡ್ಡಿಗಳು ಕೂಡುವ ಐದು ಕಡೆ ಗೇಣಿಗಿಂತ ಚಿಕ್ಕ ತುಂಡುಗಳನ್ನು ಸಿಕ್ಕಿಸಿದರೆ ಚುಕ್ಕಿಗೆ ಹೊಟ್ಟೆ ಬರುತ್ತದೆ. ಆ ಹೊಟ್ಟೆಯೊಳಗೆ ದೀಪ. ಮೇಲೆ ಪತಂಗದ ಕಾಗದ, ಅಂಚಿಗೆ ಬೇಗಡೆ, ಅಂಟಿಸುವುದಕ್ಕೆ ಮೈದಾ ಹಿಟ್ಟಿನ ಅಂಟು. ಅಕ್ಟೋಬರಿನಲ್ಲಿ ಷಟ್ಕೋನದ ಬುಟ್ಟಿ ಕಟ್ಟಿದ ಕೈಯೇ ಡಿಸೆಂಬರಿನಲ್ಲಿ ಐದು ಮೂಲೆಯ ಚುಕ್ಕಿ ಕಟ್ಟುತ್ತದೆ. ಈ ಊರಿನ ಹಳೆಯ ಹೆಸರೇ ವೇಣುಗ್ರಾಮ, ಬಿದಿರಿನ ಊರು. ಇಂಗ್ಲಿಷರ ಬಾಯಲ್ಲಿ 'ಬೆಲ್ಗಾಮ್' ಆಗಿ, 2014ರ ನವೆಂಬರ್ 1ರಿಂದ ಕಾಗದದ ಮೇಲೂ ಬೆಳಗಾವಿಯಾಗಿ ಮರಳಿತು. ಊರು ತನ್ನ ಹೆಸರನ್ನು ತಿರುಗಿ ಪಡೆದ ಮೇಲೂ ನಾನು ಅದರ ಬಿದಿರ ಬುಟ್ಟಿಗೆ 'ದೀಪಿಕೆ' ಎಂದೆ. ಸಂಸ್ಕೃತದ ಶಬ್ದ ಹಾಕಿದರೆ ಇಂಗ್ಲಿಷಿನಿಂದ ಪಾರಾದಂತೆ ಎಂಬ ಭ್ರಮೆ ನಮ್ಮ ಭಾಷಾಂತರಕಾರರಲ್ಲಿ ಬಹಳ ಕಾಲದಿಂದ ಇದೆ. ನನ್ನಲ್ಲಿಲ್ಲವೆಂದು ತಿಳಿದಿದ್ದೆ.

ಈಗ ಮುಖ್ಯವಾದ ದೋಷಕ್ಕೆ ಬರುತ್ತೇನೆ. ಯಾದಿಯ ನಡುವೆ 'ಟೆರಾಕೋಟಾ ಕ್ರಿಬ್, ಖಾನಾಪುರ' ಎಂದಿತ್ತು. ಕ್ರಿಬ್ ಎಂದರೆ ಮಗುವಿನ ಮಂಚ, ತೊಟ್ಟಿಲು ಎಂದು ಮೇಜಿನ ಮೇಲಿದ್ದ ನಿಘಂಟು ಹೇಳಿತು. 'ಸುಟ್ಟ ಮಣ್ಣಿನ ತೊಟ್ಟಿಲು, ಖಾನಾಪುರ' ಎಂದು ಬರೆದೆ. ಅಚ್ಚಾಯಿತು.

ಮಾರಾಟಕ್ಕೆ ಎರಡು ದಿನ ಮುಂಚೆ, ವ್ಯವಸ್ಥಾಪಕರ ಜೊತೆಯಲ್ಲಿ, ಆ ಗೊಂಬೆಗಳನ್ನು ತರುವುದಕ್ಕೆ ಖಾನಾಪುರಕ್ಕೆ ಹೋದೆ. ಬೆಳಗಾವಿಯಿಂದ ಇಪ್ಪತ್ತಾರು ಕಿಲೋಮೀಟರು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿ ಇನ್ನೂ ಹುಡುಗಿ. ಈ ಸೀಮೆಯ ಮಣ್ಣು ಹೆಸರಾದದ್ದು. ಹಂಚಿಗೂ ಮಡಕೆಗೂ ಒದಗಿದ ಮಣ್ಣು. ಖಾದಿ ಗ್ರಾಮೋದ್ಯೋಗ ಆಯೋಗದವರು ಕುಂಬಾರಿಕೆಯ ಕೇಂದ್ರ ಸಂಸ್ಥೆಯನ್ನು ಇದೇ ಊರಿನಲ್ಲಿ ನಡೆಸಿದ್ದು ಸುಮ್ಮನೆ ಅಲ್ಲ. ಗೊಂಬೆ ಮಾಡಿದ್ದವಳು ಅರವತ್ತು ದಾಟಿದ ಹೆಂಗಸು. ಕ್ರೈಸ್ತಳಲ್ಲ, ನಾತಾಳದ ಗೊಂಬೆಗಳನ್ನು ಗಿರಾಕಿಗಳು ಹೇಳಿದಂತೆ ಮಾಡಿಕೊಡುತ್ತ ಬಂದವಳು. ಮನೆಯ ಮಾತು ಮರಾಠಿ, ಸಂತೆಯ ಮಾತು ಕನ್ನಡ. ನಮ್ಮ ಯಾದಿಯಲ್ಲಿ ತನ್ನ ಸಾಮಾನು ಯಾವುದೆಂದು ಕೇಳಿದಳು. ಓದಿ ತೋರಿಸಿದೆ.

'ತೊಟ್ಟಲಾ?' ಎಂದಳು. 'ಮಾಸ್ತರ, ನಾ ತೊಟ್ಟಲಾ ಎಲ್ಲಿ ಮಾಡೀನ್ರಿ? ತೊಟ್ಟಲಾ ಅಂದ್ರ ಹಗ್ಗಾ ಬೇಕು, ತೂಗಾಕ ತೊಲಿ ಬೇಕು. ಇದು ಗ್ವಾದಲಿ. ನಾವು ಗವ್ಹಾಣ ಅಂತೀವಿ.'

'ಅದು ಹಾಗಲ್ಲ ಆಯಿ, ಕೂಸನ್ನ ಮಲಗಿಸೋದಲ್ಲ, ಅದಕ್ಕ...' ಎಂದು ನಾನು ಸಮರ್ಥನೆಗೆ ತೊಡಗಿದೆ.

'ಕೂಸಿಗೆ ತೊಟ್ಟಲಾ ಇದ್ದಿದ್ರ ಅದನ್ನ ಗ್ವಾದಲ್ಯಾಗ ಯಾಕ ಹಾಕ್ತಿದ್ರು?'

ನಾನು ಓದಿದ ಯಾವ ಟೀಕೆಯೂ ಇದಕ್ಕಿಂತ ಚೊಕ್ಕವಾಗಿಲ್ಲ. ಲೂಕನ ಸುವಾರ್ತೆಯಲ್ಲಿ ಆ ಮಗುವನ್ನು ಮಲಗಿಸಿದ ಜಾಗಕ್ಕೆ ಇರುವ ಗ್ರೀಕ್ ಶಬ್ದಕ್ಕೆ ದನಗಳಿಗೆ ಮೇವು ಹಾಕುವ ಜಾಗವೆಂದು ಅರ್ಥ. ಛತ್ರದಲ್ಲಿ ಸ್ಥಳವಿಲ್ಲದ್ದರಿಂದ ಅಲ್ಲಿ ಮಲಗಿಸಿದರೆಂಬುದೇ ಕಥೆಯ ಹುರುಳು. ನಮ್ಮ ಸೀಮೆಯಲ್ಲಿ ದೇವರು ಹುಟ್ಟಿದ ದಿನವೆಂದರೆ ತೊಟ್ಟಿಲು ತೂಗುವ ದಿನ. ರಾಮನವಮಿಗೂ ತೊಟ್ಟಿಲು, ಗೋಕುಲಾಷ್ಟಮಿಗೂ ತೊಟ್ಟಿಲು, ಬಸವ ಜಯಂತಿಗೂ ತೊಟ್ಟಿಲು. ಮುತ್ತೈದೆಯರು ಹಗ್ಗ ಹಿಡಿದು ಜೋಗುಳ ಹಾಡುತ್ತಾರೆ. ಸೆರೆಮನೆಯಲ್ಲಿ ಹುಟ್ಟಿದ ಕೃಷ್ಣನಿಗೂ ಗೋಕುಲದಲ್ಲಿ ತೊಟ್ಟಿಲು ಸಿಕ್ಕಿತು. ಇಂಥ ನಾಡಿನಲ್ಲಿ, ತೊಟ್ಟಿಲಿಲ್ಲದೆ ಹುಟ್ಟಿದ ಒಂದು ಕೂಸಿನ ಕಥೆಗೆ ನಾನು ಒಂದು ತೊಟ್ಟಿಲನ್ನು ದಾನ ಮಾಡಿಬಿಟ್ಟಿದ್ದೆ. ಕಥೆಯಲ್ಲಿದ್ದ ಬಡತನವನ್ನು ಒಂದು ಶಬ್ದದಿಂದ ಕಿತ್ತುಹಾಕಿದ್ದೆ. ಇದನ್ನೇ ಬೇರೆ ಯಾರಾದರೂ ಮಾಡಿದ್ದರೆ ನಾನು ಈ ಪುಟದಲ್ಲಿ ಅವರನ್ನು ಸುಮ್ಮನೆ ಬಿಡುತ್ತಿರಲಿಲ್ಲ.

ಇಂಗ್ಲಿಷಿನ ವಕ್ರತನ ಇಲ್ಲಿ ನನ್ನ ನೆರವಿಗೆ ಬರಬಹುದಿತ್ತು. 'ಕ್ರಿಬ್' ಮೊದಲು ಮೇವಿನ ಗೋದಲಿಯೇ. ಅವರ ಹಳೆಯ ಬೈಬಲಿನಲ್ಲಿ ಯೆಶಾಯನ ಗ್ರಂಥದ ಮೊದಲಲ್ಲೇ ಕತ್ತೆಗೆ ತನ್ನ ಯಜಮಾನನ ಗೋದಲಿ ಗೊತ್ತೆಂಬ ಕಡೆ ಆ ಶಬ್ದವೇ ಬಂದಿದೆ. ಆಮೇಲೆ ಅದು ಗುಡಿಸಲಾಯಿತು, ಮಗುವಿನ ಮಂಚವಾಯಿತು. ಅಲ್ಲಿಗೂ ನಿಲ್ಲದೆ ಕದಿಯುವುದಕ್ಕೆ ಹೆಸರಾಯಿತು. ನಮ್ಮ ದೇಶದ ಇಂಗ್ಲಿಷಿನಲ್ಲಿ ಗೊಣಗುವುದಕ್ಕೂ ಹೆಸರಾಯಿತು. ಶಾಲೆಯ ಹುಡುಗರು ಲ್ಯಾಟಿನ್ ಪಾಠಕ್ಕೆ ಕದ್ದು ಓದುವ ಅಡ್ಡಭಾಷಾಂತರಕ್ಕೂ 'ಕ್ರಿಬ್' ಎಂದೇ ಹೆಸರು. ಎಂದ ಮೇಲೆ ನಾನು ಬರೆದದ್ದು ಒಂದು ಅರ್ಥದಲ್ಲಿ ಕ್ರಿಬ್ ಹೌದು. ಕ್ರಿಸ್‌ಮಸ್ಸಿನ ಹಾಡುಗಳಲ್ಲಿ ಬರುವ 'ಮೇಂಜರ್' ಎಂಬ ಇನ್ನೊಂದು ಶಬ್ದ ಫ್ರೆಂಚರ 'ತಿನ್ನು' ಎಂಬುದಕ್ಕೆ ನಂಟು. ಕ್ಯಾಂಪಿನಲ್ಲಿ ಅದನ್ನು ಹಾಡುವ ಮಕ್ಕಳಲ್ಲಿ ಎಷ್ಟು ಮಂದಿಗೆ ಅದು ಹುಲ್ಲು ಹಾಕುವ ಜಾಗವೆಂದು ಗೊತ್ತಿದ್ದೀತು? ಖಾನಾಪುರದ ಮಗುವಿಗೆ ಆ ಅಡಚಣೆಯಿಲ್ಲ. ಕನ್ನಡದಲ್ಲಿ ಗೋದಲಿ, ಹಳ್ಳಿಯ ಬಾಯಲ್ಲಿ ಗ್ವಾದಲಿ; ಮರಾಠಿಯಲ್ಲಿ ಗವ್ಹಾಣ; ಕೊಂಕಣಿಯವರು ಇಡೀ ದೃಶ್ಯಕ್ಕೇ ಗೋಠೊ, ದನದ ಕೊಟ್ಟಿಗೆ, ಎನ್ನುತ್ತಾರೆ. ಮೂರು ಭಾಷೆಗಳ ಜಗಳಕ್ಕೆ ಹೆಸರಾದ ಸೀಮೆಯಲ್ಲಿ ಮೂರಕ್ಕೂ ಸೆಗಣಿ ಹುಲ್ಲಿನ ಒಂದೇ ವಾಸನೆ.

ನನ್ನ ಅಪರಾಧ ಇನ್ನೂ ಘನವಾಗುವುದು ಇಲ್ಲಿ: ಸರಿಯಾದ ಶಬ್ದ ಕಪಾಟಿನಲ್ಲೇ ಇತ್ತು. ಇಂದು ಪ್ರಚಾರದಲ್ಲಿರುವ ಕನ್ನಡ ಬೈಬಲಿನಲ್ಲಿ ಈ ಕಡೆ ಇರುವುದು 'ಗೋದಲಿ' ಎಂದೇ. ಕನ್ನಡ ಬೈಬಲಿನ ಕೆಲಸಕ್ಕೆ ಮೊದಲಿಟ್ಟವರಲ್ಲಿ ಒಬ್ಬನು 1810ರಲ್ಲಿ ಬಳ್ಳಾರಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್. (ಹೆಸರೇ 'ಕೈಗಳು'! ಇದಕ್ಕಿಂತ ಒಳ್ಳೆಯ ಕೈಕೆಲಸದ ಗುರುತನ್ನು ಯಾರೂ ಕಟ್ಟಲಾರರು.) ಅವನ ನಂತರ ಹಲವು ಕೈಗಳು ಆ ಪಠ್ಯವನ್ನು ತಿದ್ದಿವೆ. ಆ ಗ್ರಂಥದ ಕನ್ನಡವನ್ನು 'ಪಾದ್ರಿ ಕನ್ನಡ'ವೆಂದು ಹೀಗಳೆಯುವುದು ನಮ್ಮಲ್ಲಿ ವಿದ್ವತ್ತಿನ ಲಕ್ಷಣವೆನಿಸಿತ್ತು, ನಾನೂ ಹೀಗಳೆದಿದ್ದೇನೆ. ಆದರೆ ಆ ಪಾದ್ರಿಗಳೂ ಅವರ ಜೊತೆ ಕುಳಿತ ಪಂಡಿತರೂ ಒಕ್ಕಲಿಗನ ಮನೆಯ ದಂದಕ್ಕಿಯನ್ನು ಕಂಡು ಶಬ್ದ ಹುಡುಕಿದಂತಿದೆ. ನಾನು ಹುಡುಕಿದ್ದು ಇಂಗ್ಲಿಷಿನ ನಿಘಂಟಿನಲ್ಲಿ.

ಮಣ್ಣಿನ ಕೆಲಸದ ಬಗ್ಗೆಯೂ ಎರಡು ಮಾತು ಹೇಳಬೇಕು. ಆಯಿಯ ಗೊಂಬೆಗಳಲ್ಲಿ ಮರಿಯಳು ಜೋಸೆಫನು ದೇವದೂತನು ಇವರೆಲ್ಲ ಸಾಧಾರಣ. ಚಿತ್ರ ನೋಡಿ ಮಾಡಿದ್ದೆಂದು ಕಾಣುತ್ತದೆ, ಮೂವರಿಗೂ ಒಂದೇ ಮೂಗು. ಎತ್ತು ಮಾತ್ರ ಹಾಗಲ್ಲ. ಮುಂಗಾಲು ಮಡಚಿ ಕೂತ ಅದರ ಹಿಣಿಲಿನ ತೂಕ, ಗೋದಲಿಯ ಕಡೆ ತಿರುಗಿದ ಕತ್ತು, ಮೆಲುಕಾಡುವ ದವಡೆ, ಇವನ್ನು ನೋಡಿದರೆ ಈ ಕೈಗೆ ಎತ್ತು ಬಾಯಿಪಾಠವೆಂದು ತಿಳಿಯುತ್ತದೆ. ಕಾರಣ ದೂರವಿಲ್ಲ. ಮುಂಗಾರಿನ ಮೊದಲಿಗೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ. ಅಂದು ಮನೆಮನೆಯಲ್ಲಿ ಜೋಡಿ ಮಣ್ಣೆತ್ತನ್ನೂ ಅದರ ಮುಂದೆ ಮಣ್ಣಿನದೇ ಗ್ವಾದಲಿಯನ್ನೂ ಇಟ್ಟು ಪೂಜಿಸುತ್ತಾರೆ. ಆಯಿ ನಾಲ್ವತ್ತು ಮಳೆಗಾಲ ಅವನ್ನು ಮಾಡಿದ್ದಾಳೆ. ಒಂದೇ ವ್ಯತ್ಯಾಸ: ಜೂನಿನ ಎತ್ತು ಹಸಿಮಣ್ಣಿನದು, ಮಣ್ಣಿಗೇ ಮರಳಬೇಕಾದದ್ದು, ಡಿಸೆಂಬರಿನದು ಆವಿಗೆಯಲ್ಲಿ ಬೆಂದದ್ದು, ಬರುವ ವರುಷಕ್ಕೂ ಉಳಿಯಬೇಕಾದದ್ದು. ಸುವಾರ್ತೆಯ ಆ ಪ್ರಸಂಗದಲ್ಲಿ ಎತ್ತಿನ ಹೆಸರೇ ಇಲ್ಲವೆಂಬುದನ್ನು ಇಲ್ಲಿ ನೆನಪಿಸಬೇಕು. ಯೆಶಾಯನ ಮಾತಿನಿಂದ ಎತ್ತು ಕತ್ತೆಗಳು ಕಥೆಯೊಳಗೆ ನಡೆದುಬಂದವು. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬಲ್ಲಿ ಸಂತ ಫ್ರಾನ್ಸಿಸನು ನಿಜವಾದ ಗೋದಲಿಯನ್ನೂ ನಿಜವಾದ ಎತ್ತು ಕತ್ತೆಗಳನ್ನೂ ನಿಲ್ಲಿಸಿ ಹಬ್ಬ ಮಾಡಿದನು. ಅಲ್ಲಿಂದ ಹೊರಟ ಎತ್ತಿಗೆ ಹಿಣಿಲು ಮೂಡಿದ್ದು ಖಾನಾಪುರದಲ್ಲಿ. ಈ ಯಾದಿಯಲ್ಲಿ ಕಲೆಯೆಂದು ಕರೆಯಬಹುದಾದ ವಸ್ತು ಇದೊಂದೇ. ಉಳಿದವು ಹೆಚ್ಚೆಂದರೆ ಚೆಂದ.

ನನ್ನ ಸ್ನೇಹಿತರೊಬ್ಬರು ಇದನ್ನೆಲ್ಲ ಕೇಳಿ, 'ಈಗಿನ ಮಕ್ಕಳಿಗೆ ಗೋದಲಿ ಗೊತ್ತಿಲ್ಲ, ತೊಟ್ಟಿಲಾದರೂ ಗೊತ್ತು. ನೀವು ಬರೆದದ್ದೇ ಸರಿ' ಎಂದು ಸಮಾಧಾನ ಹೇಳಿದರು. ದನ ಕಟ್ಟುವ ಮನೆಗಳು ಬೆಳಗಾವಿಯಲ್ಲಿ ಕಡಿಮೆಯಾಗಿರುವುದು ನಿಜ. ಆದರೆ ಗೊತ್ತಿಲ್ಲದ ಶಬ್ದವನ್ನು ಕೇಳಿದ ಮಗು 'ಹಾಗೆಂದರೇನು?' ಎಂದು ಕೇಳುತ್ತದೆ; ಗೊತ್ತಿರುವ ತಪ್ಪು ಶಬ್ದವನ್ನು ಕೇಳಿದ ಮಗು ಏನನ್ನೂ ಕೇಳುವುದಿಲ್ಲ. ನನಗೆ ಮೊದಲನೆಯ ಮಗು ಬೇಕು.

ಮಾರಾಟದ ದಿನ ನಾನು ಬಾಗಿಲ ಬಳಿ ಕುಳಿತು ಉಳಿದ ಯಾದಿಗಳಲ್ಲಿ 'ತೊಟ್ಟಿಲು' ಹೊಡೆದು 'ಗೋದಲಿ' ಎಂದು ಕೈಯಿಂದ ತಿದ್ದುತ್ತಿದ್ದೆ. ಅಷ್ಟರಲ್ಲಿ ಅಚ್ಚಾದ ಯಾದಿಗಳು ಎಷ್ಟೋ ಹಂಚಿಹೋಗಿದ್ದವು. ಮಧ್ಯಾಹ್ನ ಒಬ್ಬ ಹೆಂಗಸು ಐದಾರು ವರುಷದ ಹುಡುಗನನ್ನು ಕೈಹಿಡಿದುಕೊಂಡು ಬಂದಳು. ಹುಡುಗ ನೇರವಾಗಿ ಖಾನಾಪುರದ ಮೇಜಿಗೆ ಹೋಗಿ, 'ಅವ್ವಾ, ಮಣ್ಣೆತ್ತು!' ಎಂದು ಕೂಗಿದ. ಅವಳು ತನ್ನ ಕೈಯಲ್ಲಿದ್ದ ತಿದ್ದದ ಯಾದಿಯನ್ನು ನೋಡಿದಳು, ಮೇಜನ್ನು ನೋಡಿದಳು, ಗೊಂಬೆಗಳನ್ನು ಒಂದೊಂದಾಗಿ ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿ ಕೇಳಿದಳು: 'ಸರ, ಇದರಾಗ ತೊಟ್ಟಲಾ ಅಂತ ಬರದೀರಿ. ಎಲ್ಲೈತ್ರಿ ಅದು?'

ಇಲ್ಲ ಎಂದೆ. ಅವಳ ಕೈಯಿಂದ ಯಾದಿಯನ್ನು ಇಸಿದುಕೊಂಡು ತಿದ್ದಿಕೊಟ್ಟೆ.